ಹಂದಿ ಹಾರಿದ ರಾತ್ರಿ



ಆಸ್ತಿ ಪಾಲಾಗುವಾಗ ಜಗಳವಾಡಿ, ಕೋರ್ಟು ಮೆಟ್ಟಿಲು ಹತ್ತಿ, ಇಪ್ಪತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡದ ಅಣ್ಣತಮ್ಮಂದಿರು ಯಾರದೋ ಮದುವೆಯಲ್ಲಿ ಒಂದೇ ಪಂಕ್ತಿಗೆ ಊಟಕ್ಕೆ ಕೂತದ್ದನ್ನು ನೀವು ಎಂದಾದರೂ ನೋಡಿದ್ದೀರಾ? ಬಡಿಸುವವರಿಗೂ ಒಂದು ಕ್ಷಣ ಕೈ ತಡೆಯುತ್ತದೆ. ಯಾರೂ ಏನೂ ಕೇಳುವುದಿಲ್ಲ. ಕೇಳಿದರೆ ಎಲ್ಲಿ ಎಲೆ ಬಿಟ್ಟು ಎದ್ದುಬಿಡುತ್ತಾರೋ ಎಂಬ ದಿಗಿಲು. ರಾಕ್ ಸಂಗೀತದ ಚರಿತ್ರೆಯಲ್ಲಿ ಅಂಥದೊಂದು ಪಂಕ್ತಿ ಭೋಜನ ನಡೆದದ್ದು 2005ರ ಜುಲೈ 2ರ ಶನಿವಾರ ರಾತ್ರಿ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ. ಕೂತವರು ಪಿಂಕ್ ಫ್ಲಾಯ್ಡ್ ತಂಡದ ನಾಲ್ವರು.

ರಾತ್ರಿ ಹನ್ನೊಂದರ ಹೊತ್ತಿಗೆ ವೇದಿಕೆಯಿಂದ ಎದೆಬಡಿತದ ಸದ್ದು ಕೇಳಿಬಂತು. ಆಗ ನಮ್ಮಲ್ಲಿ ಭಾನುವಾರ ಬೆಳಗಿನ ಜಾವ ಮೂರೂವರೆ. ದೀಪ ಹತ್ತಿದಾಗ ಕಂಡವರು ಬೇಸ್ ಗಿಟಾರ್ ಹಿಡಿದ ರೋಜರ್ ವಾಟರ್ಸ್, ಗಿಟಾರ್ ಹಿಡಿದ ಡೇವಿಡ್ ಗಿಲ್ಮೋರ್, ಡ್ರಮ್ಸ್ ಹಿಂದೆ ನಿಕ್ ಮೇಸನ್, ಕೀಬೋರ್ಡ್ ಮುಂದೆ ರಿಚರ್ಡ್ ರೈಟ್. ನಾಲ್ವರಿಗೂ ಅರವತ್ತರ ಆಸುಪಾಸು. ಇವರು ಹಿಂದೆ ಒಂದೇ ವೇದಿಕೆಯಲ್ಲಿ ನುಡಿಸಿದ್ದು 1981ರ ಜೂನ್ 17ರಂದು, ಅದೇ ಊರಿನ ಅರ್ಲ್ಸ್ ಕೋರ್ಟಿನಲ್ಲಿ. ನಡುವೆ ಭರ್ತಿ 24 ವರ್ಷ. ಜನರ ಗುಂಪಿನಲ್ಲಿ ಯಾರೋ ಒಂದು ಫಲಕ ಎತ್ತಿ ಹಿಡಿದಿದ್ದರು: ಪಿಂಕ್ ಫ್ಲಾಯ್ಡ್ ಒಂದಾಗಿದೆ, ಹಂದಿಗಳು ಹಾರಿವೆ! ನಾವು ಕಾಗೆ ಬೆಳ್ಳಗಾದಾಗ ಎನ್ನುವ ಕಡೆ ಇಂಗ್ಲಿಷರು ಹಂದಿ ಹಾರಿದಾಗ ಎನ್ನುತ್ತಾರೆ. ಈ ತಂಡದ ಮಟ್ಟಿಗೆ ಆ ಮಾತಿಗೆ ಇನ್ನೂ ಒಂದು ಅರ್ಥವಿದೆ. ಅದಕ್ಕೆ ಆಮೇಲೆ ಬರೋಣ.

ಕಟ್ಟಿದವನೇ ಇಲ್ಲದ ಮನೆ

ಕಥೆ ಶುರುವಾಗುವುದು 1960ರ ದಶಕದ ಲಂಡನ್ನಿನಲ್ಲಿ. ವಾಟರ್ಸ್, ಮೇಸನ್, ರೈಟ್ ಮೂವರೂ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್‌ನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದ ಹುಡುಗರು. ಅವರ ಜೊತೆ ಸೇರಿದವನು ಕೇಂಬ್ರಿಜ್‌ನ ಚೆಲುವ ಹುಡುಗ ಸಿಡ್ ಬ್ಯಾರೆಟ್. ತಂಡಕ್ಕೆ ಹೆಸರು ಕೊಟ್ಟವನು ಅವನೇ. ಅಮೆರಿಕದ ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಇಬ್ಬರು ಬ್ಲೂಸ್ ಗಾಯಕರ ಮೊದಲ ಹೆಸರುಗಳನ್ನು ಕೂಡಿಸಿ ಮಾಡಿದ ಹೆಸರು ಅದು. 1967ರಲ್ಲಿ ಬಂದ ಮೊದಲ ಆಲ್ಬಮ್ಮಿನ ಹೆಚ್ಚಿನ ಹಾಡುಗಳೂ ಸಿಡ್‌ನವೇ.

ಆದರೆ ಆ ವರ್ಷ ಮುಗಿಯುವುದರೊಳಗೆ ಸಿಡ್‌ನ ಮನಸ್ಸು ಹಳಿ ತಪ್ಪಿತ್ತು. ಎಲ್‌ಎಸ್‌ಡಿ ಒಂದು ಕಡೆ, ದಿಢೀರನೆ ಬಂದ ಹೆಸರಿನ ಭಾರ ಇನ್ನೊಂದು ಕಡೆ. ವೇದಿಕೆ ಹತ್ತಿ ಗಿಟಾರನ್ನು ಕೊರಳಿಗೆ ಹಾಕಿಕೊಂಡು ಸುಮ್ಮನೆ ನಿಂತುಬಿಡುತ್ತಿದ್ದ. ಅವನಿಗೆ ಆಸರೆಯಾಗಲೆಂದು ಕೇಂಬ್ರಿಜ್‌ನ ಹಳೆಯ ಗೆಳೆಯ ಡೇವಿಡ್ ಗಿಲ್ಮೋರ್‌ನನ್ನು ಕರೆತಂದರು. ಕೆಲವು ವಾರ ಐವರ ತಂಡವಾಗಿತ್ತು. 1968ರ ಆರಂಭದಲ್ಲಿ ಒಂದು ದಿನ ಕಾರ್ಯಕ್ರಮಕ್ಕೆ ಹೊರಟ ತಂಡ ಸಿಡ್‌ನನ್ನು ಕರೆದುಕೊಳ್ಳಲು ಹೋಗಲೇ ಇಲ್ಲ. ಏಪ್ರಿಲ್ ಹೊತ್ತಿಗೆ ಅವನು ತಂಡದಲ್ಲಿಲ್ಲ ಎಂಬುದು ಅಧಿಕೃತವಾಯಿತು.

1973ರಲ್ಲಿ ಬಂದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಉಳಿದ ನಾಲ್ವರನ್ನು ಜಗತ್ತಿನ ಅತಿ ದೊಡ್ಡ ತಂಡಗಳ ಸಾಲಿಗೆ ಸೇರಿಸಿತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1988ರವರೆಗೆ ಅದು ಕಾಣಿಸಿಕೊಂಡದ್ದು ಒಟ್ಟು 741 ವಾರ. ಎರಡು ವರ್ಷದ ಮೇಲೆ ಸಿಡ್‌ನನ್ನೇ ನೆನೆದು 'ವಿಶ್ ಯು ವರ್ ಹಿಯರ್' ಆಲ್ಬಮ್ ಮಾಡುತ್ತಿದ್ದಾಗ, 1975ರ ಜೂನ್ 5ರಂದು, ಅಬ್ಬಿ ರೋಡ್ ಸ್ಟುಡಿಯೋಕ್ಕೆ ತಲೆ ಬೋಳಿಸಿಕೊಂಡ, ಹುಬ್ಬೂ ಇಲ್ಲದ, ದಪ್ಪನೆಯ ಒಬ್ಬ ಬಂದು ಕೂತ. ಯಾರೆಂದು ಯಾರಿಗೂ ತಿಳಿಯಲಿಲ್ಲ. ಅದು ಸಿಡ್ ಎಂದು ಗೊತ್ತಾದಾಗ ಅಲ್ಲಿದ್ದವರ ಕಣ್ಣು ಒದ್ದೆಯಾಯಿತೆಂದು ಹೇಳುತ್ತಾರೆ. ಯಾರ ಹೆಸರಿನಲ್ಲಿ ಹಾಡು ಕಟ್ಟುತ್ತಿದ್ದರೋ ಅವನೇ ಎದುರು ಬಂದು ಕೂತರೂ ಗುರುತು ಸಿಗಲಿಲ್ಲ.

ಗೋಡೆ ಎದ್ದಿತು

ಮುಂದಿನದು ಬಿರುಕಿನ ಕಥೆ. ಇದರಲ್ಲಿ ಅಭಿಮಾನಿಗಳಾದ ನಮಗೂ ಒಂದು ಪಾತ್ರವಿದೆ, ಹೆಮ್ಮೆ ಪಡುವಂಥದ್ದಲ್ಲ.

1977ರ ಜುಲೈ 6ರಂದು ಕೆನಡಾದ ಮಾಂಟ್ರಿಯಲ್ ನಗರದ ಒಲಿಂಪಿಕ್ ಸ್ಟೇಡಿಯಂನಲ್ಲಿ ಕಛೇರಿ. ಜನಸಾಗರ, ಪಟಾಕಿ, ಕಿರುಚಾಟ. ಮೆಲುದನಿಯ ಹಾಡುಗಳು ಯಾರಿಗೂ ಬೇಕಿದ್ದಂತೆ ಕಾಣಲಿಲ್ಲ. ಸಿಟ್ಟು ನೆತ್ತಿಗೇರಿದ ವಾಟರ್ಸ್, ಮುಂದಿನ ಸಾಲಿನಲ್ಲಿ ಗಲಾಟೆ ಮಾಡುತ್ತಿದ್ದ ಅಭಿಮಾನಿಯೊಬ್ಬನ ಮುಖಕ್ಕೆ ಉಗುಳಿಬಿಟ್ಟ. ಆಮೇಲೆ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ತನಗೂ ಜನರಿಗೂ ನಡುವೆ ಒಂದು ಗೋಡೆ ಎದ್ದಿದೆ ಅನ್ನಿಸಿತು. ಆ ಯೋಚನೆಯೇ 1979ರ ನವೆಂಬರಿನಲ್ಲಿ ಬಂದ 'ದಿ ವಾಲ್' ಆಲ್ಬಮ್. ಅದರ ಕಛೇರಿಯಲ್ಲಿ ತಂಡಕ್ಕೂ ಪ್ರೇಕ್ಷಕರಿಗೂ ನಡುವೆ ರಟ್ಟಿನ ಇಟ್ಟಿಗೆಗಳ ನಿಜವಾದ ಗೋಡೆಯನ್ನೇ ಕಟ್ಟುತ್ತಿದ್ದರು.

ಅಷ್ಟರಲ್ಲಿ ಒಳಗೂ ಗೋಡೆ ಎದ್ದಿತ್ತು. ರೆಕಾರ್ಡಿಂಗ್ ಬೇಗ ಮುಗಿಸಬೇಕು, ರಜೆ ಮೊಟಕು ಮಾಡಿ ಬಾ ಎಂದು ಗ್ರೀಸಿನಲ್ಲಿದ್ದ ರೈಟ್‌ಗೆ ಹೇಳಿಕಳಿಸಿದರು. ಅವನು ಒಪ್ಪಲಿಲ್ಲ. ವಾಟರ್ಸ್ ಹಟ ಹಿಡಿದು ಅವನನ್ನು ತಂಡದಿಂದ ಹೊರಗೆ ಹಾಕಿಸಿದ. ಆದರೆ ಕಛೇರಿಗೆ ಕೀಬೋರ್ಡ್ ನುಡಿಸುವವರು ಬೇಕಲ್ಲ? ತಾನೇ ಕಟ್ಟಿದ ತಂಡದಲ್ಲಿ ರೈಟ್ ಸಂಬಳಕ್ಕೆ ನುಡಿಸಿದ. ತಮಾಷೆ ನೋಡಿ, ಆ ಅದ್ದೂರಿ ಪ್ರದರ್ಶನಗಳಿಂದ ತಂಡಕ್ಕೆ ನಷ್ಟವಾಯಿತು. ಮಾಲೀಕರಾದ ಮೂವರು ನಷ್ಟ ತುಂಬಿದರು, ಕೈಗೆ ದುಡ್ಡು ಬಂದದ್ದು ಸಂಬಳದವನೊಬ್ಬನಿಗೇ.

1985ರ ಕೊನೆಯಲ್ಲಿ ವಾಟರ್ಸ್ ತಂಡ ಬಿಟ್ಟ. ತಾನಿಲ್ಲದ ಮೇಲೆ ಪಿಂಕ್ ಫ್ಲಾಯ್ಡ್ ಎಂಬ ಹೆಸರೂ ಇರಬಾರದು ಎಂಬುದು ಅವನ ವಾದ. ಕಂಪನಿ ನಾಟಕದವರ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದಲ್ಲ, ಕಂಪನಿ ಒಡೆದರೆ ಬೋರ್ಡು ಯಾರಿಗೆ ಎಂಬುದೇ ದೊಡ್ಡ ಜಗಳ. 1986ರಲ್ಲಿ ವ್ಯಾಜ್ಯ ಕೋರ್ಟಿಗೆ ಹೋಯಿತು. 1987ರ ಡಿಸೆಂಬರಿನಲ್ಲಿ, ಥೇಮ್ಸ್ ನದಿಯಲ್ಲಿ ಗಿಲ್ಮೋರ್‌ಗಿದ್ದ ದೋಣಿಮನೆಯಲ್ಲಿ ರಾಜಿ ಪತ್ರಕ್ಕೆ ಸಹಿ ಬಿತ್ತು. ಹೆಸರು ಗಿಲ್ಮೋರ್ ಮತ್ತು ಮೇಸನ್‌ಗೆ. 'ದಿ ವಾಲ್'ನ ಹಕ್ಕು ವಾಟರ್ಸ್‌ಗೆ.

ಈಗ ಹಂದಿಯ ವಿಷಯ. 1976ರ ಡಿಸೆಂಬರಿನಲ್ಲಿ 'ಅನಿಮಲ್ಸ್' ಆಲ್ಬಮ್ಮಿನ ಹೊದಿಕೆ ಚಿತ್ರಕ್ಕಾಗಿ ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದ ಮೇಲೆ ಗಾಳಿ ತುಂಬಿದ ದೊಡ್ಡದೊಂದು ಹಂದಿಯನ್ನು ತೇಲಿಬಿಟ್ಟಿದ್ದರು. ಅದು ಹಗ್ಗ ಕಿತ್ತುಕೊಂಡು ಹೀಥ್ರೂ ವಿಮಾನಗಳ ದಾರಿಗೆ ಅಡ್ಡವಾಗಿ ಹಾರಿ, ಕೆಂಟ್ ಜಿಲ್ಲೆಯ ಒಂದು ಹೊಲದಲ್ಲಿ ಬಿತ್ತು. ಅಂದಿನಿಂದ ಹಂದಿ ತಂಡದ ಲಾಂಛನದಂತಾಯಿತು. ತಂಡ ಒಡೆದಾಗ ಹಂದಿಯೂ ಪಾಲಿಗೆ ಬಂತು, ಅದು ನನ್ನ ಕಲ್ಪನೆ ಎಂದ ವಾಟರ್ಸ್. ಗಿಲ್ಮೋರ್ ಕಡೆಯವರು ತಮ್ಮ ಹಂದಿಗೆ ಗಂಡು ಗುರುತು ಅಂಟಿಸಿ, ಇದು ಬೇರೆಯೇ ಹಂದಿ ಎಂದು ಹಾರಿಸಿದರು. ದೊಡ್ಡವರ ಜಗಳ ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ.

ನಮ್ಮ ಪಾಲಿಗೆ ಬಂದದ್ದು

ನಮ್ಮಲ್ಲಿ ಹೆಚ್ಚಿನವರು ಈ ತಂಡದ ಹಾಡು ಕೇಳಿದ್ದು ಅದು ಒಡೆದ ಮೇಲೆಯೇ. ಇಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳ ಹಾಸ್ಟೆಲ್ಲಿನಲ್ಲಿ ಒಬ್ಬನ ಹತ್ತಿರ ಕ್ಯಾಸೆಟ್ ಬಂದರೆ ಅದರಿಂದ ಹತ್ತು ಕಾಪಿ. ಪ್ರತಿ ಕಾಪಿಗೂ ಕರಕರ ಸದ್ದು ಇನ್ನಷ್ಟು. ಹಾಡಿನ ಹೆಸರು ಕ್ಯಾಸೆಟ್ಟಿನ ಚೀಟಿಯ ಮೇಲೆ ಬಾಲ್‌ಪೆನ್ನಿನ ಅಕ್ಷರದಲ್ಲಿ. ಅರ್ಧ ಪದ ಅರ್ಥವಾಗುತ್ತಿರಲಿಲ್ಲ. ಆದರೂ ಮನೆ ಬಿಟ್ಟು ಬಂದವರಿಗೆ, ಈಗ ಇಲ್ಲಿಲ್ಲದ ಯಾರನ್ನೋ ಕರೆಯುವ ಆ ದನಿ ಅರ್ಥವಾಗದೆ ಇರಲಿಲ್ಲ. ಹೊರನಾಡಿನಲ್ಲಿ ಕೂತು ಈ ಪುಟ ಓದುತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ 2002ರ ಏಪ್ರಿಲ್‌ನಲ್ಲಿ ವಾಟರ್ಸ್ ಬೆಂಗಳೂರಿಗೆ ಬಂದ. ಅರಮನೆ ಮೈದಾನದಲ್ಲಿ ಕಛೇರಿ. 2007ರ ಫೆಬ್ರವರಿಯಲ್ಲಿ ಮುಂಬೈಗೂ ಬಂದ. ನಿಮ್ಮಲ್ಲಿ ಎಷ್ಟೋ ಜನ ರೈಲು ಹಿಡಿದು, ಬಸ್ಸು ಹಿಡಿದು ಹೋದವರಿದ್ದೀರಿ. ಹೋದವರನ್ನು ಕೇಳಿದರೆ ಇವತ್ತಿಗೂ ಕಣ್ಣರಳಿಸಿಕೊಂಡೇ ಹೇಳುತ್ತಾರೆ. ಆದರೆ ಆ ಮಾತಿನ ಕೊನೆಗೆ ಒಂದು ಕೊಕ್ಕೆ ಇದ್ದೇ ಇರುತ್ತದೆ: ಗಿಲ್ಮೋರ್ ಇರಲಿಲ್ಲ. ಅವನು ಹಾಡುತ್ತಿದ್ದ ಭಾಗವನ್ನು ಬೇರೆಯವರು ಹಾಡಿದರು, ಅವನ ಗಿಟಾರನ್ನು ಬೇರೆಯವರು ನುಡಿಸಿದರು. 1987ರಿಂದ 1994ರವರೆಗೆ ಗಿಲ್ಮೋರ್, ಮೇಸನ್, ರೈಟ್ ಪಿಂಕ್ ಫ್ಲಾಯ್ಡ್ ಹೆಸರಿನಲ್ಲಿ ಊರೂರು ತಿರುಗಿದಾಗ ಅಲ್ಲಿನ ಅಭಿಮಾನಿಗಳದೂ ಇದೇ ಕೊರಗು: ವಾಟರ್ಸ್ ಇರಲಿಲ್ಲ. ಒಂದು ಕಡೆ ಪಲ್ಯ, ಇನ್ನೊಂದು ಕಡೆ ಸಾರು. ಪೂರ್ತಿ ಎಲೆ ಯಾರಿಗೂ ಸಿಗಲಿಲ್ಲ.

ಕಪ್ಪೆಗಳು ತಕ್ಕಡಿಗೆ ಬಂದದ್ದು

ಈ ನಾಲ್ಕು ಕಪ್ಪೆಗಳನ್ನು ತಕ್ಕಡಿಗೆ ಹಾಕಿದವನು ಐರ್ಲೆಂಡಿನ ಗಾಯಕ ಬಾಬ್ ಗೆಲ್ಡಾಫ್. 1982ರ 'ದಿ ವಾಲ್' ಸಿನಿಮಾದ ನಾಯಕ ಅವನೇ. 1985ರಲ್ಲಿ ಇಥಿಯೋಪಿಯಾದ ಬರಗಾಲಕ್ಕಾಗಿ 'ಲೈವ್ ಏಡ್' ಕಛೇರಿ ಮಾಡಿಸಿದವನೂ ಅವನೇ. 2005ರ ಜುಲೈ ಮೊದಲ ವಾರ ಜಿ-8 ದೇಶಗಳ ನಾಯಕರು ಸ್ಕಾಟ್ಲೆಂಡಿನ ಗ್ಲೆನ್‌ಈಗಲ್ಸ್‌ನಲ್ಲಿ ಸೇರುವವರಿದ್ದರು. ಬಡ ದೇಶಗಳ ಸಾಲ ಮನ್ನಾ ಮಾಡಿ, ನೆರವು ಹೆಚ್ಚಿಸಿ ಎಂದು ಒತ್ತಾಯಿಸಲು 'ಲೈವ್ ಎಯ್ಟ್' ಎಂಬ ಹೆಸರಿನಲ್ಲಿ ಹಲವು ದೇಶಗಳಲ್ಲಿ ಒಂದೇ ದಿನ ಕಛೇರಿ ನಡೆಸಲು ಗೆಲ್ಡಾಫ್ ಹೊರಟಿದ್ದ.

ಅವನು ಗಿಲ್ಮೋರ್‌ಗೆ ಫೋನ್ ಮಾಡಿದ. ಗಿಲ್ಮೋರ್ ಆಗುವುದಿಲ್ಲ ಎಂದ, ತನ್ನದೇ ಆಲ್ಬಮ್ಮಿನ ಕೆಲಸದಲ್ಲಿದ್ದ. ಗೆಲ್ಡಾಫ್ ಬಿಡದೆ ರೈಲು ಹತ್ತಿ ಹೊರಟ. ಬರಬೇಡ ಎನ್ನಲು ಗಿಲ್ಮೋರ್ ಫೋನ್ ಮಾಡಿದಾಗ ರೈಲು ಆಗಲೇ ಈಸ್ಟ್ ಕ್ರಾಯ್ಡನ್ ಸ್ಟೇಷನ್ ತಲುಪಿತ್ತಂತೆ. ಆದರೂ ಒಪ್ಪಿಗೆ ಸಿಗಲಿಲ್ಲ. ಸುದ್ದಿ ಮೇಸನ್‌ನಿಂದ ವಾಟರ್ಸ್‌ಗೆ ಹೋಯಿತು. ಆಗ ನಡೆದದ್ದನ್ನು ಯಾರೂ ಊಹಿಸಿರಲಿಲ್ಲ. ವಾಟರ್ಸ್ ಗಿಲ್ಮೋರ್‌ನ ನಂಬರು ಕೇಳಿ ಪಡೆದು, ತಾನೇ ಫೋನ್ ಮಾಡಿದ. ಮಾತು ಎರಡು ಮೂರು ನಿಮಿಷ ನಡೆಯಿತಂತೆ. ಮರುದಿನ ಗಿಲ್ಮೋರ್ ಹೂಂ ಎಂದ. ಜೂನ್ 12ರಂದು ಜಗತ್ತಿಗೆ ಗೊತ್ತಾಯಿತು.

ಟಿಕೆಟ್ ಮಾರಾಟವಿರಲಿಲ್ಲ. ಒಂದೂವರೆ ಪೌಂಡಿನ ಎಸ್‌ಎಂಎಸ್ ಕಳಿಸಿದರೆ ಲಾಟರಿಯಲ್ಲಿ ಹೆಸರು. ಗೆದ್ದವರಲ್ಲಿ ಕೆಲವರು ಟಿಕೆಟನ್ನು ಇಂಟರ್‌ನೆಟ್ಟಿನಲ್ಲಿ ಹರಾಜಿಗಿಟ್ಟರು. ಗೆಲ್ಡಾಫ್ ಉರಿದುಬಿದ್ದ ಮೇಲೆ ಹರಾಜು ನಿಂತಿತು. ಹಸಿದವರ ಹೆಸರಿನ ಕಛೇರಿಯಲ್ಲೂ ಬ್ಲ್ಯಾಕ್ ಟಿಕೆಟ್ ತಪ್ಪಲಿಲ್ಲ.

ಇಪ್ಪತ್ತಮೂರು ನಿಮಿಷ

ಹೈಡ್ ಪಾರ್ಕಿನಲ್ಲಿ ಅಂದು ಸುಮಾರು ಎರಡು ಲಕ್ಷ ಜನ. ಮಧ್ಯಾಹ್ನದಿಂದ ನಡೆಯುತ್ತಿದ್ದ ಕಾರ್ಯಕ್ರಮ ಹೊತ್ತು ಮೀರಿತ್ತು. ಎದೆಬಡಿತದ ಹಿಂದೆಯೇ 'ಬ್ರೀದ್' ಶುರುವಾಯಿತು. ಆಮೇಲೆ 'ಮನಿ'. ಹಿಂದಿನ ಪರದೆಯ ಮೇಲೆ ಬ್ಯಾಟರ್‌ಸೀ ಚಿಮಣಿಗಳ ನಡುವೆ ಹಂದಿ ತೇಲಿತು. ಗುರುತಿನ ಜಗಳವಿಲ್ಲ, ಪಾಲಿನ ಜಗಳವಿಲ್ಲ. ಆ ಫಲಕ ಹಿಡಿದವರಿಗೆ ಎಷ್ಟು ಸಂತೋಷವಾಗಿರಬೇಡ!

ಮೂರನೆಯದು 'ವಿಶ್ ಯು ವರ್ ಹಿಯರ್'. ಅದಕ್ಕೆ ಮುಂಚೆ ವಾಟರ್ಸ್ ಮೈಕಿನ ಮುಂದೆ ನಾಲ್ಕು ಮಾತಾಡಿದ. ಇಷ್ಟು ವರ್ಷದ ಮೇಲೆ ಇವರ ಜೊತೆ ನಿಂತಿರುವುದು ಮನಸ್ಸು ಕಲಕುತ್ತಿದೆ ಎಂದ. ಇಲ್ಲಿಲ್ಲದ ಎಲ್ಲರಿಗಾಗಿ, ಮುಖ್ಯವಾಗಿ ಸಿಡ್‌ಗಾಗಿ ಈ ಹಾಡು ಎಂಬ ಅರ್ಥದ ಮಾತು ಹೇಳಿದ. ಸಿಡ್ ಆಗ ಬದುಕಿದ್ದ. ಕೇಂಬ್ರಿಜ್‌ನಲ್ಲಿ, ಹಳೆಯ ಹೆಸರು ಬಿಟ್ಟು, ತನ್ನ ಪಾಡಿಗೆ ಚಿತ್ರ ಬರೆಯುತ್ತ, ತೋಟದ ಕೆಲಸ ಮಾಡುತ್ತ ಇದ್ದ. ಒಂದು ಚರಣ ಗಿಲ್ಮೋರ್, ಒಂದು ಚರಣ ವಾಟರ್ಸ್ ಹಾಡಿದರು.

ಕೊನೆಗೆ 'ಕಂಫರ್ಟಬ್ಲಿ ನಂಬ್'. ಈ ಹಾಡಿನ ಧಾಟಿ ಗಿಲ್ಮೋರ್‌ನದು, ಮಾತು ವಾಟರ್ಸ್‌ನದು. ರೆಕಾರ್ಡಿಂಗಿನಲ್ಲಿ ಇಬ್ಬರೂ ಇದಕ್ಕಾಗಿ ಕಿತ್ತಾಡಿದ್ದರು. ಯಾವ ಕೋರ್ಟೂ ಇದನ್ನು ಎರಡು ಹೋಳು ಮಾಡಲಾಗದು, ಒಬ್ಬ ಕೇಳುತ್ತಾನೆ, ಇನ್ನೊಬ್ಬ ಉತ್ತರ ಕೊಡುತ್ತಾನೆ. ಕೊನೆಯ ಗಿಟಾರ್ ಆಲಾಪ ನಡೆಯುತ್ತಿರುವಾಗ ಅಮೆರಿಕದ ಎಂಟಿವಿ ವಾಹಿನಿಯ ನಿರೂಪಕರು ನಡುವೆ ಬಾಯಿ ಹಾಕಿ ಮಾತಾಡಿದರು. ಅಭಿಮಾನಿಗಳ ಬೈಗಳಿಗೆ ಹೆದರಿ ವಾಹಿನಿ ಒಂದು ವಾರದ ಮೇಲೆ ಹಾಡುಗಳನ್ನು ತಡೆಯಿಲ್ಲದೆ ಮರುಪ್ರಸಾರ ಮಾಡಬೇಕಾಯಿತು. ನಮ್ಮ ರೇಡಿಯೋ ಬಂಧುಗಳು ಇದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳುವುದು ಒಳ್ಳೆಯದು.

ಹಾಡು ಮುಗಿಯಿತು. ಗಿಲ್ಮೋರ್ ಕೈಬೀಸಿ ಹೊರಡುವ ಅಂದಾಜಿನಲ್ಲಿದ್ದ. ವಾಟರ್ಸ್ ಬಾ ಎಂದು ಕೈ ಮಾಡಿ ಕರೆದ. ನಾಲ್ವರೂ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತರು. ಗಿಲ್ಮೋರ್ ಮುಖದಲ್ಲಿ ಕೊಂಚ ಮುಜುಗರ, ವಾಟರ್ಸ್ ಮುಖದಲ್ಲಿ ತುಂಬು ನಗು. ಆ ಫೋಟೋ ನೀವು ನೋಡಿಯೇ ಇರುತ್ತೀರಿ.

ಜಿ-8 ನಾಯಕರು ಆ ವಾರ ನೆರವಿನ ದೊಡ್ಡ ದೊಡ್ಡ ಮಾತು ಕೊಟ್ಟರು. ಎಲ್ಲವೂ ಈಡೇರಲಿಲ್ಲ. ಆಫ್ರಿಕಾದ ಹೆಸರಿನ ಕಛೇರಿಯಲ್ಲಿ ಆಫ್ರಿಕಾದ ಕಲಾವಿದರು ತೀರಾ ಕಡಿಮೆ ಎಂಬ ಟೀಕೆಯೂ ಬಂತು, ನ್ಯಾಯವಾದ ಟೀಕೆ. ಪಿಂಕ್ ಫ್ಲಾಯ್ಡ್ ಆಲ್ಬಮ್ಮುಗಳ ಮಾರಾಟ ಮಾತ್ರ ಒಂದೇ ವಾರದಲ್ಲಿ ಹಲವು ಪಟ್ಟು ಏರಿತು. ಆ ಹೆಚ್ಚಿನ ಲಾಭ ತನಗೆ ಬೇಡ, ದಾನಕ್ಕೆ ಹೋಗಲಿ ಎಂದ ಗಿಲ್ಮೋರ್. ಉಳಿದ ಕಲಾವಿದರೂ ಹಾಗೇ ಮಾಡಲಿ ಎಂದ.

ಇನ್ನೊಮ್ಮೆ ಎಂಬ ಕೂಗು

ಅಭಿಮಾನಿಯ ಹೊಟ್ಟೆ ತುಂಬುವುದುಂಟೇ? ಮರುದಿನದಿಂದಲೇ ಕೂಗು ಶುರು: ಇನ್ನೊಮ್ಮೆ, ಒಂದೇ ಒಂದು ಪ್ರವಾಸ. ಭಾರಿ ಮೊತ್ತ ತೋರಿಸಿ ಕರೆದವರಿದ್ದರು. ಬೇರೆ ತಂಡಗಳು ಅದನ್ನು ಮಾಡಿಯೂ ಇದ್ದವು. ನರಕ ಹೆಪ್ಪುಗಟ್ಟಿದಾಗ ಒಂದಾಗುತ್ತೇವೆ ಎನ್ನುತ್ತಿದ್ದ 'ಈಗಲ್ಸ್' ತಂಡ 1994ರಲ್ಲಿ ಒಂದಾಗಿ, ಆ ಮಾತನ್ನೇ ಆಲ್ಬಮ್ಮಿನ ಹೆಸರಾಗಿಸಿತ್ತು. 2007ರಲ್ಲಿ 'ದಿ ಪೊಲೀಸ್' ತಂಡವೂ ಲೋಕ ಸುತ್ತಿತು. ಪಿಂಕ್ ಫ್ಲಾಯ್ಡ್ ಮಾತ್ರ ಒಲ್ಲೆ ಎಂದಿತು. ಒಂದು ರಾತ್ರಿ ಬಗ್ಗುವುದಕ್ಕೆ ನನಗೆ ಅಡ್ಡಿಯಿರಲಿಲ್ಲ, ಇಡೀ ಪ್ರವಾಸ ಬಗ್ಗಿರಲು ಆಗದು ಎಂಬ ಅರ್ಥದಲ್ಲಿ ವಾಟರ್ಸ್ ಆಮೇಲೆ ಹೇಳಿಕೊಂಡ. ಗಿಲ್ಮೋರ್‌ಗೂ ಹಿಂದಿರುಗುವ ಮನಸ್ಸಿರಲಿಲ್ಲ.

ಆಗ ನಮಗೆಲ್ಲ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನಿಸಿದ್ದು ನಿಜ. ನಮ್ಮಿಂದ ತಾನೇ ಇವರು ದೊಡ್ಡವರಾದದ್ದು, ನಮಗೆ ಇಷ್ಟು ಮಾಡಬಾರದೇ ಎಂಬ ಸಿಟ್ಟು. ಮಾಂಟ್ರಿಯಲ್‌ನಲ್ಲಿ ಮುಂದಿನ ಸಾಲಿನಲ್ಲಿ ಕಿರುಚುತ್ತಿದ್ದವರದೂ ಹೆಚ್ಚುಕಡಿಮೆ ಇದೇ ವಾದ. ಹಾಡನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಹಾಡಿದವರ ನಡುವಿನ ಸ್ನೇಹವೂ ಆ ಬೆಲೆಯಲ್ಲಿ ಸೇರಿದೆ ಎಂದು ಕೇಳುವ ಹಕ್ಕು ನಮಗೆ ಎಲ್ಲಿಂದ ಬಂತು? ಆ ನಾಲ್ವರು ರಾಜಿಯಾಗಿರಲಿಲ್ಲ. ಒಂದು ಒಳ್ಳೆಯ ಕೆಲಸಕ್ಕಾಗಿ ಒಂದು ಸಂಜೆ ತಮ್ಮ ಜಗಳವನ್ನು ಹೊರಗಿಟ್ಟು ಬಂದಿದ್ದರು, ಹೊರಡುವಾಗ ಎತ್ತಿಕೊಂಡು ಹೋದರು. ಅಷ್ಟು ಮಾಡುವುದೂ ಸಣ್ಣ ಮಾತಲ್ಲ ಎಂಬುದು, ಮನೆಯಲ್ಲಿ ಪಾಲು ಕಂಡವರಿಗೆಲ್ಲ ಗೊತ್ತು.

ಮುಂದೆ ಕಾಲ ತನ್ನ ಕೆಲಸ ಮಾಡಿತು. 2006ರ ಜುಲೈ 7ರಂದು ಸಿಡ್ ತೀರಿಕೊಂಡ, ಅರವತ್ತು ವರ್ಷಕ್ಕೆ. 2007ರ ಮೇ ತಿಂಗಳಲ್ಲಿ ಅವನ ನೆನಪಿನ ಕಛೇರಿ ಲಂಡನ್ನಿನಲ್ಲಿ ನಡೆದಾಗ ನಾಲ್ವರೂ ಬಂದರು, ಆದರೆ ವಾಟರ್ಸ್ ಬೇರೆ ಹಾಡಿದ, ಉಳಿದ ಮೂವರು ಬೇರೆ ಹಾಡಿದರು. 2008ರ ಸೆಪ್ಟೆಂಬರ್ 15ರಂದು ರಿಚರ್ಡ್ ರೈಟ್ ಕ್ಯಾನ್ಸರಿನಿಂದ ತೀರಿಕೊಂಡ. ಅಲ್ಲಿಗೆ ಇನ್ನೊಮ್ಮೆ ಎಂಬ ಮಾತು ಮುಗಿಯಿತು. 2011ರ ಮೇ 12ರಂದು ಲಂಡನ್ನಿನಲ್ಲಿ ವಾಟರ್ಸ್ 'ದಿ ವಾಲ್' ನಡೆಸುತ್ತಿದ್ದಾಗ ಗಿಲ್ಮೋರ್ ಬಂದು ಗೋಡೆಯ ಮೇಲೆ ನಿಂತು ನುಡಿಸಿದ, ಕೊನೆಗೆ ಮೇಸನ್ ಕೂಡ ಸೇರಿಕೊಂಡ. ಸಂತೋಷವೇ, ಆದರೆ ಮೂವರೇ. 2022ರಲ್ಲಿ ಉಕ್ರೇನ್ ನೆರವಿಗೆಂದು ಪಿಂಕ್ ಫ್ಲಾಯ್ಡ್ ಹೆಸರಿನಲ್ಲಿ ಬಂದ ಹಾಡಿನಲ್ಲಿ ವಾಟರ್ಸ್ ಇರಲಿಲ್ಲ. 2023ರಲ್ಲಿ ಹಳೆಯ ಜಗಳ ರಾಜಕೀಯದ ನೆಪದಲ್ಲಿ ಮತ್ತೆ ಬೀದಿಗೆ ಬಂತು. 2024ರಲ್ಲಿ ತಂಡದ ರೆಕಾರ್ಡಿಂಗ್ ಹಕ್ಕುಗಳು ಸೋನಿ ಕಂಪನಿಗೆ ಮಾರಾಟವಾದವು.

ಇವೆಲ್ಲ ತಿಳಿದ ಮೇಲೆ ಆ 23 ನಿಮಿಷಗಳನ್ನು ಮತ್ತೆ ನೋಡಿ. ಮೊದಲು ನೋಡಿದಾಗ ಕಣ್ಣು ಹೋಗುವುದು ವಾಟರ್ಸ್ ಮತ್ತು ಗಿಲ್ಮೋರ್ ಕಡೆಗೆ, ಈಗ ನಕ್ಕರೇ, ಈಗ ಮುಖ ನೋಡಿಕೊಂಡರೇ ಎಂದು. ಈ ಸಲ ಹಿಂದೆ ಕೀಬೋರ್ಡಿನ ಬಳಿ ಇರುವವನನ್ನು ನೋಡಿ. 1979ರಲ್ಲಿ ಹೊರಗೆ ಹಾಕಿಸಿಕೊಂಡವನು, ಸಂಬಳಕ್ಕೆ ನುಡಿಸಿದವನು, ತನ್ನನ್ನು ಹೊರಗೆ ಹಾಕಿಸಿದವನಿಂದ ಕೆಲವೇ ಹೆಜ್ಜೆ ದೂರದಲ್ಲಿ ತಲೆ ತಗ್ಗಿಸಿ ನುಡಿಸುತ್ತಿದ್ದಾನೆ. ಮೊದಲ ಹಾಡು 'ಬ್ರೀದ್'ನಲ್ಲಿ ಒಂದು ಕಡೆ ಸ್ವರಗಳು ಮೆಲ್ಲನೆ ಬೇರೆ ಬಣ್ಣಕ್ಕೆ ತಿರುಗುತ್ತವೆ. ಅದನ್ನು ಮೈಲ್ಸ್ ಡೇವಿಸ್‌ನ ಜಾಝ್ ಆಲ್ಬಮ್ 'ಕೈಂಡ್ ಆಫ್ ಬ್ಲೂ' ಕೇಳಿ ಕಲಿತೆ ಎಂದು ರೈಟ್ ಹೇಳಿಕೊಂಡಿದ್ದ. ಹಾಸ್ಟೆಲ್ಲಿನ ಕರಕರ ಕ್ಯಾಸೆಟ್ಟಿನಲ್ಲೂ ಆ ಜಾಗ ಬಂದಾಗ ನಾವು ಮಾತು ನಿಲ್ಲಿಸುತ್ತಿದ್ದೆವು. ಯಾರು ನುಡಿಸಿದ್ದು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಮುಂದೊಂದು ರಾತ್ರಿ ನಿಮ್ಮ ರೇಡಿಯೋದಲ್ಲಿ ಆ ಹಾಡು ಬಂದರೆ ದನಿ ಸ್ವಲ್ಪ ಏರಿಸಿ, ಆ ಜಾಗಕ್ಕಾಗಿ ಕಾಯಿರಿ. ಪಕ್ಕದಲ್ಲಿ ಯಾರಾದರೂ ಮಾತಾಡುತ್ತಿದ್ದರೆ, ಒಂದು ನಿಮಿಷ ತಡೀರಿ ಎನ್ನಿ.